ದಿನಕ್ಕೆ ಎಷ್ಟು?

ಎರಡೂ ಕೈ ಮುಂದಕ್ಕೆ ಚಾಚಿ. ಬೆರಳು ಬಿಡಿಸಿ. ಹಾಗೇ ಹಿಡಿದುಕೊಂಡಿರಿ.

ಮೇಜಿನ ಆಚೆ ಕೂತಿರುವ ಆರೋಗ್ಯ ಸಹಾಯಕಿ ನಿಮ್ಮ ಮುಖ ನೋಡುತ್ತಿಲ್ಲ. ಬೆರಳ ತುದಿಯನ್ನೇ ನೋಡುತ್ತಿದ್ದಾರೆ. ಬೆರಳು ನಡುಗುತ್ತಿವೆ. ನಿಲ್ಲಿಸೋಣ ಅಂತ ಮೊಣಕೈ ಬಿಗಿಹಿಡಿದಷ್ಟೂ ನಡುಕ ಹೆಗಲಿಗೆ ಹತ್ತುತ್ತದೆ. ಹೊರಗೆ ಆರಿದ್ರಾ ಮಳೆ ತಗಡಿನ ಶೀಟಿನ ಮೇಲೆ ಒಂದೇ ಸಮ ಹೊಡೆಯುತ್ತಿದೆ. ಒಳಗೆ ಫಿನಾಯಿಲು, ಒದ್ದೆ ಚಾಪೆ, ಹಿಂದಿನ ಅಡುಗೆಮನೆಯ ಒಗ್ಗರಣೆ, ಮೂರೂ ಸೇರಿದ ವಾಸನೆ. ಬೇರೆ ದಿನವಾದರೆ ಹಸಿವಾಗುತ್ತಿತ್ತು. ಇವತ್ತು ಹೊಟ್ಟೆ ತೊಳಸಿ ಬಾಯಲ್ಲಿ ಹುಳಿನೀರು ತುಂಬುತ್ತದೆ. ನುಂಗುತ್ತೀರಿ.

ಈ ಎಂಟು ದಿನ ನೀವು ಶಿವಮೊಗ್ಗದ ಆಟೊ ಚಾಲಕ. ವಯಸ್ಸು 44. ಆಟೊ ನಿಲ್ಲಿಸುವುದು ವಿನೋಬನಗರದ ಪೊಲೀಸ್ ಚೌಕಿಯ ಹತ್ತಿರ. ಇದು ಕಾಲೇಜುಗಳ ಊರು. ಸಹ್ಯಾದ್ರಿ, ಜೆಎನ್‌ಎನ್ ಎಂಜಿನಿಯರಿಂಗ್, ಸಿಮ್ಸ್ ಅಂತ ಹುಡುಗರು ನಾಲ್ಕು ಜಿಲ್ಲೆಗಳಿಂದ ಬರುತ್ತಾರೆ. ವಿನೋಬನಗರದಲ್ಲಿ ಕೆಳಗೆ ಮನೆಯವರು, ಮಹಡಿಯಲ್ಲಿ ಬಾಡಿಗೆ ಹುಡುಗರು ಇರುವ ಮನೆಗಳಿಗೆ ಲೆಕ್ಕವಿಲ್ಲ. ಬೆಳಗ್ಗೆ ಬ್ಯಾಗು ಹೊತ್ತು ನಿಮ್ಮ ಆಟೊ ಹತ್ತಿದ ಹುಡುಗ ರಾತ್ರಿ ಗೆಳೆಯರ ಹೆಗಲ ಮೇಲೆ ತೂರಾಡುತ್ತ ಹತ್ತುವುದನ್ನು ನೀವು ಎಷ್ಟೋ ಸಲ ಕಂಡಿದ್ದೀರಿ. ಅವನ ಬಾಯಿಂದ ಬರುವ ವಾಸನೆಯೇ ನಿಮ್ಮ ಬಾಯಿಂದಲೂ ಬರುತ್ತಿತ್ತು. ಅದಕ್ಕೇ ಏನೂ ಹೇಳದೆ ಬಾಡಿಗೆ ಇಪ್ಪತ್ತು ರೂಪಾಯಿ ಜಾಸ್ತಿ ಇಸಿದುಕೊಂಡಿದ್ದೀರಿ.

"ದಿನಕ್ಕೆ ಎಷ್ಟು ಕುಡೀತೀರಣ್ಣ?"

ಬೆಳಗ್ಗೆ ಐದೂವರೆಗೆ ನೈಂಟಿಯ ಒಂದು ಟೆಟ್ರಾ ಪ್ಯಾಕು. ಅದಿಲ್ಲದಿದ್ದರೆ ಆಟೊ ಕೀ ತೂತಿಗೆ ಹೋಗುವುದಿಲ್ಲ. ಹತ್ತು ಗಂಟೆಗೆ ಇನ್ನೊಂದು. ಮಧ್ಯಾಹ್ನ ಊಟದ ಬದಲು ಎರಡು. ರಾತ್ರಿ ಒಂದು ಕ್ವಾರ್ಟರ್, ಅಂದರೆ ಇನ್ನೆರಡು. ಒಟ್ಟು ಆರು ನೈಂಟಿ. ನಿಮಗೆ ಲೆಕ್ಕ ಸರಿಯಾಗಿ ಗೊತ್ತು. ಕುಡಿಯುವವನಿಗೆ ಗೊತ್ತಿರುವಷ್ಟು ಖಚಿತವಾಗಿ ಆ ಲೆಕ್ಕ ಇನ್ಯಾರಿಗೂ ಗೊತ್ತಿರುವುದಿಲ್ಲ. ಬೆನ್ನ ಹಿಂದೆ ಹೆಂಡತಿ ನಿಂತಿದ್ದಾಳೆ. ಅವಳ ಉಸಿರು ಕೇಳಿಸುತ್ತದೆ. ಸಾಲಿನಲ್ಲಿ ಪರಿಚಯದ ಮುಖಗಳಿವೆ. ನಾಲಿಗೆ ಒಣಗಿದೆ.

"ಒಂದೇ ನೈಂಟಿ ಮೇಡಂ. ರಾತ್ರಿ ಊಟಕ್ಕೆ ಮುಂಚೆ."

ಪೆನ್ನು ಕಾಗದದ ಮೇಲೆ ಓಡುತ್ತದೆ: 1. ಹೆಂಡತಿ ಮಾತಾಡುವುದಿಲ್ಲ.

"ಯಾವಾಗ್ಲಾದ್ರೂ ಫಿಟ್ಸ್ ಬಂದಿತ್ತಾ?"

"ಇಲ್ಲ." ಇದಂತೂ ನಿಜ.

ನಿಮ್ಮ ಹಿಂದಿನ ಹುಡುಗನಿಗೂ ಅದೇ ಪ್ರಶ್ನೆ. ಇಪ್ಪತ್ತಮೂರರ ಆಸುಪಾಸು, ಹಿರೇಕೆರೂರು ಕಡೆಯವನು, ಎಂಜಿನಿಯರಿಂಗಿನ ಹಳೆಯ ವಿಷಯಗಳನ್ನು ಇನ್ನೂ ಪಾಸು ಮಾಡಲಾಗದೆ ಇಲ್ಲೇ ಉಳಿದುಕೊಂಡವನು. ಫಿಟ್ಸ್ ಅಂದ ಕೂಡಲೇ ಅವನ ಕಣ್ಣು ಬಾಗಿಲ ಕಡೆ ಹೋಗಿ ಬರುತ್ತದೆ. "ಇಲ್ರಿ ಮೇಡಂ." ನೀವು ಅದನ್ನು ಗಮನಿಸುತ್ತೀರಿ. ಆದರೆ ನಿಮ್ಮದೇ ಒಂದು ಸುಳ್ಳು ಈಗಷ್ಟೇ ಬಾಯಿಂದ ಹೊರಬಿದ್ದಿದೆ. ಇನ್ನೊಬ್ಬನದನ್ನು ಹಿಡಿದು ಕೊಡುವ ಧೈರ್ಯ ಎಲ್ಲಿಂದ ಬರಬೇಕು?

ಚಾಪೆ, ಹೊದಿಕೆ, ತಟ್ಟೆ, ಲೋಟ ಕೈಗೆ ಕೊಡುತ್ತಾರೆ. ಫೋನು ಹೆಂಡತಿಯ ವ್ಯಾನಿಟಿ ಬ್ಯಾಗಿಗೆ ಸೇರುತ್ತದೆ. ಅವಳು ಹೋಗುತ್ತಾಳೆ, ತಿರುಗಿ ನೋಡದೆ. ಮೊನ್ನೆ ಮೊನ್ನೆ ಮದುವೆ ನಡೆದ ಸಮುದಾಯ ಭವನ ಇದು. ಕಂಬಕ್ಕೆ ಹೂವಿನ ಹಾರ ಕಟ್ಟಿದ್ದ ದಾರ ಇನ್ನೂ ನೇತಾಡುತ್ತಿದೆ. ಅದೇ ಹಾಲಿನಲ್ಲಿ ಈಗ ಗಂಡಸರು ಸಾಲಾಗಿ ಚಾಪೆ ಹಾಸಿಕೊಂಡು, ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದಾರೆ.

ಇದು ಮದ್ಯವರ್ಜನ ಶಿಬಿರ. 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಡಿ. ವೀರೇಂದ್ರ ಹೆಗ್ಗಡೆಯವರು ಶುರುಮಾಡಿದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರಿಗೆ ಹಳ್ಳಿ ಹಳ್ಳಿ ಸುತ್ತುವಾಗ ಒಂದು ವಿಷಯ ಅರ್ಥವಾಯಿತು: ಮನೆಗೆ ಬಂದ ದುಡ್ಡು ಮನೆಯಲ್ಲಿ ಉಳಿಯುತ್ತಿಲ್ಲ. ಅಲ್ಲಿಂದ ಹುಟ್ಟಿದ್ದು ಜನಜಾಗೃತಿ ವೇದಿಕೆ. ಈವರೆಗೆ ರಾಜ್ಯದಲ್ಲಿ ಸಾವಿರಕ್ಕೂ ಹೆಚ್ಚು ಶಿಬಿರಗಳು ನಡೆದಿವೆ, ಸಾಮಾನ್ಯವಾಗಿ ಎಂಟು ದಿನದವು, ಕಲ್ಯಾಣ ಮಂಟಪ, ಶಾಲೆ, ದೇವಸ್ಥಾನದ ಸಭಾಭವನ, ಎಲ್ಲಿ ಸೂರು ಸಿಕ್ಕಿದರೆ ಅಲ್ಲಿ. ಊರವರೇ ವ್ಯವಸ್ಥಾಪನಾ ಸಮಿತಿ ಮಾಡಿಕೊಳ್ಳುತ್ತಾರೆ. ಅಕ್ಕಿ, ಬೇಳೆ, ತೆಂಗಿನಕಾಯಿ, ಹಾಲು, ಎಲ್ಲ ಕೇಳಿ ತಂದದ್ದು. ಸ್ವಸಹಾಯ ಸಂಘದ ಹೆಂಗಸರು ಅಡುಗೆಗೆ ನಿಲ್ಲುತ್ತಾರೆ. 1951ರಲ್ಲಿ ಪೋಚಂಪಳ್ಳಿಯಿಂದ ಹೊರಟು ಊರೂರು ನಡೆದು ಭೂಮಿ ಕೇಳಿದ ವಿನೋಬಾ ಭಾವೆಯವರ ಹೆಸರು ಹೊತ್ತ ಬಡಾವಣೆಯಲ್ಲಿ, ಪಕ್ಕದ ಮನೆಯ ಗಂಡಸು ಕುಡಿತ ಬಿಡಲಿ ಅಂತ ಹೆಂಗಸರು ಅಕ್ಕಿ ಕೇಳಿಕೊಂಡು ಮನೆಯಿಂದ ಮನೆಗೆ ಹೋಗುವುದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಮೊದಲ ರಾತ್ರಿ ನಿದ್ದೆ ಇಲ್ಲ. ಸುತ್ತ ಗೊರಕೆಯ ಬದಲು ಹೊರಳಾಟದ ಸದ್ದು. ಎಡಗಡೆ ಚಾಪೆಯಲ್ಲಿ ಭದ್ರಾವತಿಯವರೊಬ್ಬರಿದ್ದಾರೆ. ಎಂಪಿಎಂ ಕಾಗದ ಕಾರ್ಖಾನೆಯಲ್ಲಿದ್ದವರು. ಯಂತ್ರ ನಿಂತ ಮೇಲೆ ಬೆಳಗ್ಗೆ ಎದ್ದು ಹೋಗುವುದಕ್ಕೆ ಜಾಗವೇ ಇಲ್ಲದಾಯಿತು, ಬಾರ್ ಒಂದೇ ಬೆಳಗ್ಗೆ ಬಾಗಿಲು ತೆಗೆಯುತ್ತಿತ್ತು ಅನ್ನುತ್ತಾರೆ. ಅವರಿಗೆ ಸಾರಾಯಿ ಪ್ಯಾಕೆಟಿನ ಕಾಲವೂ ಗೊತ್ತು. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಂತಾಗ ಹಣಕಾಸು ಖಾತೆ ಇದ್ದದ್ದು ಇದೇ ಜಿಲ್ಲೆಯ ಶಿಕಾರಿಪುರದ ಯಡಿಯೂರಪ್ಪನವರ ಕೈಯಲ್ಲಿ. "ಅವತ್ತು ನಮ್ಮನೆಯೋಳು ದೇವ್ರಿಗೆ ಕಾಯಿ ಒಡೆದ್ಲು. ನಾನು ವಾರದೊಳಗೆ ವಿಸ್ಕಿ ಪ್ಯಾಕೆಟಿಗೆ ಬಂದೆ. ದುಡ್ಡು ಮಾತ್ರ ಜಾಸ್ತಿ ಹೋಯ್ತು." ನೀವೂ ಹಾಗೇ ಬಂದವರು. ಆದರೆ ಹೇಳುವುದಿಲ್ಲ.

ಬಲಗಡೆ ಚಾಪೆಯಲ್ಲಿ ಆ ಹುಡುಗ.

"ಅಣ್ಣಾ, ನಿದ್ದಿ ಬರವಲ್ದು."

"ನಂಗೂ ಬರ್ತಿಲ್ಲ ಮಾರಾಯ. ಕಣ್ಣು ಮುಚ್ಚು."

ಎರಡನೇ ದಿನ. ಐದು ಗಂಟೆಗೆ ಎಬ್ಬಿಸುತ್ತಾರೆ. ಯೋಗ, ಭಜನೆ, ಗಂಜಿ. ನಿಮ್ಮ ಲೋಟ ಹಲ್ಲಿಗೆ ಬಡಿದು ಟಕಟಕ ಅನ್ನುತ್ತದೆ, ಅರ್ಧ ಗಂಜಿ ಅಂಗಿಯ ಮೇಲೆ. ಯಾರೂ ನಗುವುದಿಲ್ಲ, ಎಲ್ಲರ ಅಂಗಿಯೂ ಒದ್ದೆ. ಉಪನ್ಯಾಸ ನಡೆಯುತ್ತದೆ, ಕಿವಿಗೆ ಬೀಳುವುದಿಲ್ಲ. ಮಧ್ಯಾಹ್ನ ಮೈಯೆಲ್ಲ ಬೆವರು, ಮಳೆಯ ಚಳಿಯಲ್ಲೂ. ಎದೆ ಡವಡವ ಹೊಡೆದುಕೊಳ್ಳುತ್ತದೆ. ಸಂಜೆ ಶಿವಾಲಯದ ಗಂಟೆ ಕೇಳಿದಾಗ ಅದು ತಲೆಯೊಳಗೇ ಬಾರಿಸಿತು ಅನ್ನಿಸಿ ಬೆಚ್ಚಿಬೀಳುತ್ತೀರಿ. ಒಂದು ನೈಂಟಿ ಕುಡಿಯುವವನಿಗೆ ಎಷ್ಟು ಮಾತ್ರೆ ಸಾಕೋ ಅಷ್ಟನ್ನೇ ನಿಮಗೆ ಕೊಟ್ಟಿದ್ದಾರೆ. ಕಾಗದದಲ್ಲಿ ಬರೆದಿರುವುದು 1.

ರಾತ್ರಿ ಎದುರಿನ ಗೋಡೆಯ ಮೇಲೆ ಇರುವೆ ಸಾಲು ಹತ್ತುತ್ತದೆ. ಕಪ್ಪು ಗೊದ್ದ. ನೋಡನೋಡುತ್ತ ಸಾಲು ಅಗಲವಾಗುತ್ತದೆ, ನಿಮ್ಮ ಕಡೆ ತಿರುಗುತ್ತದೆ. ಕಾಲು ಎಳೆದುಕೊಳ್ಳುತ್ತೀರಿ. "ಇರುವೆ ನೋಡೋ," ಅಂತ ಹುಡುಗನಿಗೆ ತೋರಿಸುತ್ತೀರಿ. ಅವನು ಗೋಡೆ ನೋಡುತ್ತಾನೆ, ನಿಮ್ಮನ್ನು ನೋಡುತ್ತಾನೆ. "ಗ್ವಾಡಿ ಮ್ಯಾಲ ಏನೂ ಇಲ್ಲಣ್ಣ."

ಆಗ ಭಯ ಹುಟ್ಟುತ್ತದೆ. ಇರುವೆಗಲ್ಲ, ನಿಮ್ಮ ಕಣ್ಣಿಗೇ.

ನಡೆಯುತ್ತಿರುವುದು ಇಷ್ಟು. ಹೆಂಡ ಮಿದುಳಿಗೆ ಬ್ರೇಕು. ವರ್ಷಗಟ್ಟಲೆ ಬ್ರೇಕು ಒತ್ತಿಯೇ ಇದ್ದರೆ ಗಾಡಿ ಓಡಿಸಲೇಬೇಕಾದ ಮಿದುಳು ಆಕ್ಸಿಲರೇಟರನ್ನು ಪೂರ್ತಿ ತಿರುವಿಟ್ಟುಕೊಳ್ಳುವುದನ್ನು ಕಲಿಯುತ್ತದೆ. ಈಗ ಬ್ರೇಕು ಒಮ್ಮೆಗೇ ಬಿಟ್ಟಿದ್ದೀರಿ. ಕೊನೆಯ ಗುಟುಕು ಇಳಿದು ಆರೆಂಟು ಗಂಟೆಗೆ ನಡುಕ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಜ್ವರ, ಭ್ರಮೆ, ದಿಕ್ಕು ತಪ್ಪಿದ ಮಾತು. ಆ ಕೊನೆಯ ಹಂತಕ್ಕೆ ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ವಿಪರೀತ ಕುಡಿಯುವವರು ಮನಸ್ಸು ಗಟ್ಟಿ ಮಾಡಿ ಮನೆಯಲ್ಲೇ ದಿಢೀರ್ ಅಂತ ಬಿಟ್ಟುಬಿಡಲಿ ಅನ್ನುವ ಬುದ್ಧಿವಾದ ಅದಕ್ಕೇ ಅಪಾಯದ್ದು.

ನಡುರಾತ್ರಿ ಕಳೆದಿದೆ. ಮಳೆ ನಿಂತಿದೆ. ಸೂರಿನಿಂದ ಹನಿ ಬೀಳುವ ಸದ್ದು.

ಬಲಗಡೆಯಿಂದ ಒಂದು ಕೂಗು. ಮಾತಲ್ಲ, ಎದೆಯಲ್ಲಿದ್ದ ಗಾಳಿಯೆಲ್ಲ ಒಮ್ಮೆಗೇ ಹೊರಬಂದ ಸದ್ದು. ಹುಡುಗ ಬೆನ್ನು ಬಿಲ್ಲಾಗಿಸಿ ಸೆಟೆದಿದ್ದಾನೆ. ಕಣ್ಣಗುಡ್ಡೆ ಮೇಲಕ್ಕೆ. ಮರುಕ್ಷಣ ಕೈಕಾಲು ಬಡಿಯತೊಡಗುತ್ತವೆ. ತಲೆ ಸಿಮೆಂಟು ನೆಲಕ್ಕೆ. ಒಂದು ಸಲ. ಎರಡು ಸಲ. ದೀಪ ಹತ್ತುತ್ತದೆ. ಯಾರೋ "ಕಬ್ಬಿಣ ತನ್ನಿ" ಅನ್ನುತ್ತಾರೆ. ಇನ್ಯಾರೋ ಸ್ಟೀಲ್ ಚಮಚ ಹಿಡಿದು ಓಡಿಬರುತ್ತಾರೆ, ಹಲ್ಲು ಕಚ್ಚದಿರಲಿ ಅಂತ. ನಿಮ್ಮ ಕೈ ಹತ್ತಿರದಲ್ಲಿದೆ. ಆ ಕೈ ನಡುಗುತ್ತಿದೆ. ಮುಟ್ಟಬೇಕೇ, ಬಿಡಬೇಕೇ?

ತಲೆ ಮತ್ತೆ ನೆಲಕ್ಕೆ.

ಮುಟ್ಟುತ್ತೀರಿ. ನಿಮ್ಮ ಹೊದಿಕೆ ಸುತ್ತಿ ಅವನ ತಲೆಯ ಕೆಳಗೆ ತಳ್ಳುತ್ತೀರಿ. ಅಷ್ಟರಲ್ಲಿ ಆರೋಗ್ಯ ಸಹಾಯಕಿ ಬಂದಾಯಿತು. "ಬಾಯಿಗೆ ಏನೂ ಹಾಕ್ಬೇಡಿ! ಕೈಕಾಲು ಅದುಮಿ ಹಿಡೀಬೇಡಿ. ಅಣ್ಣ, ಪಕ್ಕಕ್ಕೆ ಹೊರಳ್ಸಿ. ಪಕ್ಕಕ್ಕೆ!" ಹೊರಳಿಸುತ್ತೀರಿ. ಬಾಯಿಂದ ನೊರೆ, ಜೊಲ್ಲು, ಸ್ವಲ್ಪ ರಕ್ತ ನಿಮ್ಮ ಅಂಗೈ ಮೇಲೆ ಬಿಸಿಯಾಗಿ ಇಳಿಯುತ್ತದೆ. ಒಬ್ಬರು ಗಡಿಯಾರ ನೋಡುತ್ತಿದ್ದಾರೆ. ಒಬ್ಬರು 108ಕ್ಕೆ ಫೋನು ಹಚ್ಚಿ ವಿನೋಬನಗರದ ಗುರುತು ಹೇಳುತ್ತಿದ್ದಾರೆ. ಒಂದು ನಿಮಿಷ. ಒಂದೂವರೆ. ಬಡಿತ ನಿಧಾನವಾಗುತ್ತದೆ. ನಿಲ್ಲುತ್ತದೆ. ಉಸಿರು? ಕಿವಿ ಅವನ ಮೂಗಿನ ಹತ್ತಿರ ಹಿಡಿಯುತ್ತೀರಿ. ಇಲ್ಲ. ಇಲ್ಲ. ಬಂತು. ಗೊರಗೊರ ಅಂತ ಒರಟಾಗಿ, ಆದರೆ ಬಂತು.

ಆಂಬುಲೆನ್ಸಿನ ಕೆಂಪು ದೀಪ ಒದ್ದೆ ರಸ್ತೆಯ ಮೇಲೆ ತಿರುಗುತ್ತದೆ. ಇಬ್ಬರು ಸ್ವಯಂಸೇವಕರು ಜೊತೆಗೆ ಹತ್ತುತ್ತಾರೆ. ಬಾಗಿಲು ಮುಚ್ಚುತ್ತದೆ, ಗಾಡಿ ಸಾಗರ ರಸ್ತೆಯ ಮೆಗ್ಗಾನ್ ಆಸ್ಪತ್ರೆಯ ಕಡೆ ಹೊರಡುತ್ತದೆ. ಆರೋಗ್ಯ ಸಹಾಯಕಿ ಮೆಟ್ಟಿಲ ಮೇಲೆ ಕೂತುಬಿಡುತ್ತಾರೆ. ಕೈಯಲ್ಲಿ ಅವನ ಫಾರಂ.

"ಫಿಟ್ಸ್ ಬಂದಿಲ್ಲ ಅಂದಿದ್ದ. ಬಂದಿತ್ತು ಅಂದಿದ್ರೆ ಇಲ್ಲಿ ಸೇರಿಸ್ಕೊಳ್ತಾನೇ ಇರ್ಲಿಲ್ಲ ಅಣ್ಣ. ಮೊದ್ಲ ದಿನವೇ ಆಸ್ಪತ್ರೆಗೆ ಕಳಿಸ್ತಿದ್ವಿ."

ನಿಮ್ಮ ಅಂಗೈ ಇನ್ನೂ ತೊಳೆದಿಲ್ಲ. ಗೋಡೆಯ ಮೇಲೆ ಇರುವೆಗಳು ಇನ್ನೂ ಹರಿಯುತ್ತಿವೆ. ಹೇಳಿದರೆ ಏನಾಗುತ್ತದೆ? ಸುಳ್ಳುಗಾರ ಅನ್ನಿಸಿಕೊಳ್ಳುತ್ತೀರಿ. ಹೇಳದಿದ್ದರೆ? ಮುಂದಿನ ಚಾಪೆ ನಿಮ್ಮದು.

"ಮೇಡಂ. ನಂದು ಒಂದಲ್ಲ. ಆರು."

ಅವರು ತಲೆ ಎತ್ತುತ್ತಾರೆ. ಬೈಯುವುದಿಲ್ಲ. ನಿಮ್ಮ ಫಾರಂ ಹುಡುಕಿ ತೆಗೆದು 1ರ ಮೇಲೆ ಗೆರೆ ಎಳೆದು ಪಕ್ಕದಲ್ಲಿ 6 ಅಂತ ಬರೆಯುತ್ತಾರೆ. ನಾಡಿ ಹಿಡಿಯುತ್ತಾರೆ. ಇರುವೆಯ ವಿಷಯವನ್ನೂ ಹೇಳಿಬಿಡುತ್ತೀರಿ. ಹೇಳುವಾಗ ಅಳು ಬರುತ್ತದೆ, ಏಕೆಂದು ನಿಮಗೇ ತಿಳಿಯದು. ಬೆಳಕು ಹರಿಯುವ ಮುಂಚೆ ನೀವೂ ಮೆಗ್ಗಾನ್‌ನಲ್ಲಿದ್ದೀರಿ. ಥಯಮಿನ್ ಅನ್ನುವ ಬಿ1 ವಿಟಮಿನ್ ಇಂಜೆಕ್ಷನ್ ಚುರುಕ್ಕೆನ್ನುತ್ತದೆ. ಕುಡಿತ ಅದನ್ನು ಮೈಯಿಂದ ಖಾಲಿ ಮಾಡುತ್ತದೆ, ಅದು ಖಾಲಿಯಾದರೆ ನೆನಪಿನ ಶಕ್ತಿಯೇ ಕುಸಿಯುತ್ತದೆ. ಆರು ನೈಂಟಿಗೆ ತಕ್ಕ ಮಾತ್ರೆ ಸಿಗುತ್ತದೆ. ಮರುದಿನ ಸಂಜೆ ವೈದ್ಯರು ಒಪ್ಪಿದ ಮೇಲೆ ಶಿಬಿರಕ್ಕೆ ವಾಪಸು. ಆ ರಾತ್ರಿ ನಿಮಗೆ ನಿದ್ದೆ ಬರುತ್ತದೆ.

ಐದನೇ ದಿನ ಕೈ ನಡುಗುವುದಿಲ್ಲ. ಇದೇ ಕಷ್ಟದ ದಿನ. ಮೈ ಸುಧಾರಿಸಿದೆ, ಮನಸ್ಸು ಮಾತು ಶುರುಮಾಡುತ್ತದೆ: ಐದು ದಿನ ಬಿಟ್ಟವನಿಗೆ ಒಂದು ಏನು ಮಹಾ. ಪ್ಯಾಂಟಿನ ಮಡಿಕೆಯಲ್ಲಿ ಮಡಚಿಟ್ಟ ನೂರರ ನೋಟಿದೆ. ನಸುಕಿನಲ್ಲಿ ಎದ್ದು ಚಪ್ಪಲಿ ಕೈಯಲ್ಲಿ ಹಿಡಿದು ಗೇಟಿಗೆ ಬರುತ್ತೀರಿ. ಗೇಟಿಗೆ ಬೀಗ ಇಲ್ಲ. ಯಾವ ಅಂಗಡಿ ಎಷ್ಟು ಹೊತ್ತಿಗೆ ಹಿಂಬಾಗಿಲು ತೆಗೆಯುತ್ತದೆ ಅಂತ ನಿಮಗೆ ಬಾಯಿಪಾಠ. ಗಂಟಲಲ್ಲಿ ಆ ಬಿಸಿ ಆಗಲೇ ಇಳಿಯುತ್ತಿದೆ. ಬಾಯಲ್ಲಿ ನೀರು.

ಗೇಟಿನ ಪಕ್ಕ ಕೊಡೆ ಹಿಡಿದು ಒಬ್ಬ ನಿಂತಿದ್ದಾನೆ. ಎಪಿಎಂಸಿಯಲ್ಲಿ ಹಮಾಲಿ. ಹಿಂದೊಮ್ಮೆ ಇಂಥದೇ ಶಿಬಿರದಲ್ಲಿ ಮಲಗಿದ್ದವನು, ಈಗ ಕುಡಿತ ಬಿಟ್ಟವರ ನವಜೀವನ ಸಮಿತಿಯ ಸದಸ್ಯ.

"ಹೋಗ್ತೀಯಾ?"

ಉತ್ತರ ಕೊಡುವುದಿಲ್ಲ.

"ಹೋಗು, ನಾನೇನು ತಡೆಯಲ್ಲ. ಕಾಲು ಗಂಟೆ ಬಿಟ್ಟು ಹೋಗು. ಬಾ, ಇಲ್ಲೇ ನಡ್ಯಾಣ."

ಅವನ ಕೊಡೆಯ ಕೆಳಗೆ ನಡೆಯುತ್ತೀರಿ. 100 ಅಡಿ ರಸ್ತೆ ಇನ್ನೂ ಖಾಲಿ. ಹಾಲಿನ ವ್ಯಾನು ಹೋಗುತ್ತದೆ. ಅವನು ಬುದ್ಧಿ ಹೇಳುವುದಿಲ್ಲ. ತಾನು ಹೆಂಡತಿಯ ಕಿವಿಯ ಓಲೆ ಮಾರಿದ್ದು, ಅವಳು ಕೇಳಿದಾಗ ಕಳೆದುಹೋಗಿರಬೇಕು ಅಂತ ತಾನೂ ಮನೆಯೆಲ್ಲ ಹುಡುಕಿದ್ದನ್ನು ಹೇಳುತ್ತಾನೆ. ಆಸೆ ಎದೆಗೆ ಗುದ್ದುತ್ತದೆ. ಇನ್ನೂ ಗುದ್ದುತ್ತದೆ. ಈಗಲೇ ಓಡಿಬಿಡಲೇ? ಮೂಲೆ ಬಂತು. ಎಡಕ್ಕೆ ಹೊರಳಿದರೆ ಅಂಗಡಿ. ಕಾಲು ನಿಲ್ಲುತ್ತದೆ. ಅವನೂ ನಿಲ್ಲುತ್ತಾನೆ. ಉಸಿರು ಎಣಿಸುತ್ತೀರಿ. ಗುದ್ದು ಸ್ವಲ್ಪ ಸಡಿಲ. ಇನ್ನೂ ಸ್ವಲ್ಪ. ಈ ಆಸೆ ಅಲೆಯಲೆಯಾಗಿ ಏರಿ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಾನಾಗಿ ಇಳಿಯುತ್ತದೆ. ಇಷ್ಟು ವರ್ಷ ಇಳಿಯುವ ತನಕ ನೀವು ಕಾದವರೇ ಅಲ್ಲ.

"ಚಾ ಕುಡಿಯಾಣ," ಅನ್ನುತ್ತಾನೆ.

1935ರ ಮೇ ತಿಂಗಳಲ್ಲಿ ಅಮೆರಿಕದ ಆಕ್ರನ್ ಊರಿನ ಹೋಟೆಲೊಂದರಲ್ಲಿ, ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ವ್ಯಾಪಾರಿಯೊಬ್ಬ ಇಂಥದೇ ತಿರುವಿನಲ್ಲಿ ನಿಂತಿದ್ದ. ಒಂದು ಕಡೆ ಬಾರು, ಇನ್ನೊಂದು ಕಡೆ ಟೆಲಿಫೋನು. ಅವನು ಫೋನು ಎತ್ತಿ, ಮಾತಾಡಲು ತನ್ನ ಹಾಗೇ ನರಳುತ್ತಿರುವ ಇನ್ನೊಬ್ಬ ಕುಡುಕ ಬೇಕು ಅಂತ ಕೇಳಿದ. ಸಿಕ್ಕವನು ಊರಿನ ಒಬ್ಬ ಶಸ್ತ್ರವೈದ್ಯ. ಆ ಇಬ್ಬರ ಮಾತುಕತೆಯಿಂದ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿತು. ಆ ವ್ಯಾಪಾರಿಗೆ ಬೇಕಾಗಿದ್ದದ್ದೂ ಜೊತೆಗೊಬ್ಬ ಮನುಷ್ಯ. ವಿನೋಬನಗರದ ಈ ಮೂಲೆಯಲ್ಲಿ ಆ ಮನುಷ್ಯ ಹಮಾಲಿ.

ಮನೆಯವರು ಬರುವ ದಿನ ಹಾಲಿನಲ್ಲಿ ಮಲ್ಲಿಗೆಯ ವಾಸನೆ. ಹೆಂಡತಿ ಎದುರು ಕೂತಿದ್ದಾಳೆ. ನೀವು ಬೈಗುಳಕ್ಕೆ ತಯಾರಾಗಿದ್ದೀರಿ. ಅವಳು ಬೈಯುವುದಿಲ್ಲ, ತನ್ನ ಸುಳ್ಳುಗಳನ್ನು ಹೇಳುತ್ತಾಳೆ.

"ಫೈನಾನ್ಸಿನೋರು ಬಂದಾಗ ಇವ್ರಿಗೆ ಜ್ವರ ಅಂದೆ. ಮಗಳ ಕಾಲೇಜಲ್ಲಿ ಮೀಟಿಂಗ್ ಅಂದಾಗ ಊರಿಗೆ ಹೋಗಿದಾರೆ ಅಂದೆ. ನಮ್ಮಮ್ಮ ನನ್ನ ಕೈ ಮೇಲೆ ಬಾವು ನೋಡಿ ಕೇಳಿದ್ಲು, ಬಾಗಿಲು ತಾಗ್ತು ಅಂದೆ. ಅವತ್ತು ಇಲ್ಲಿ ಒಂದೇ ನೈಂಟಿ ಅಂದ್ರಲ್ಲ, ಆಗ್ಲೂ ಸುಮ್ನೇ ನಿಂತೆ. ಇನ್ನು ನನ್ ಕೈಲಿ ಆಗಲ್ಲ ರೀ."

ಬಾಗಿಲು ತಾಗಿದ್ದಲ್ಲ. ನಿಮಗೆ ಗೊತ್ತು. ತಲೆ ಎತ್ತಿ ಅವಳ ಕಣ್ಣು ನೋಡುವುದಕ್ಕೆ ಆಟೊ ಎತ್ತುವಷ್ಟು ಬಲ ಬೇಕಾಗುತ್ತದೆ. ಎತ್ತುತ್ತೀರಿ.

ಹುಡುಗನ ಅಪ್ಪ ಅಮ್ಮ ಬಂದಿಲ್ಲ. ಅವರಿಗೆ ವಿಷಯವೇ ಗೊತ್ತಿಲ್ಲ. ಆಸ್ಪತ್ರೆಯಿಂದ ವಾಪಸಾದ ಅವನ ಎದುರು ಕೂತಿರುವುದು ಅವನ ರೂಮಿನ ಮೂವರು ಗೆಳೆಯರು. ಅವರಲ್ಲೊಬ್ಬ ನೆಲ ನೋಡುತ್ತ ಬಾಯಿ ಬಿಡುತ್ತಾನೆ. ಹಿಂದೆಯೂ ಒಂದು ರಾತ್ರಿ ಅವನು ರೂಮಿನಲ್ಲಿ ಹೀಗೇ ಸೆಟೆದುಕೊಂಡಿದ್ದ. ಇವರು ಕೈಗೆ ಕಬ್ಬಿಣದ ಕೀ ಕೊಟ್ಟರು, ಮುಖಕ್ಕೆ ನೀರು ಹೊಡೆದರು, ಬೆಳಗಿನವರೆಗೆ ಬಾಗಿಲು ಹಾಕಿಕೊಂಡು ಕೂತರು. 108ಕ್ಕೆ ಫೋನು ಮಾಡಲಿಲ್ಲ. "ಕೆಳಗೆ ಓನರ್ ಇದ್ರು ಸರ್. ಆಂಬುಲೆನ್ಸ್ ಬಂದ್ರೆ ರೂಮ್ ಖಾಲಿ ಮಾಡ್ಸ್ತಾರೆ. ಕಾಲೇಜಿಗೆ ಗೊತ್ತಾದ್ರೆ ಮನೆಗೆ ಫೋನ್ ಹೋಗುತ್ತೆ."

ಹಾಲಿನಲ್ಲಿ ಯಾರೂ ಮಾತಾಡುವುದಿಲ್ಲ. ಆ ರಾತ್ರಿ ಅವನು ಬದುಕಿದ್ದು ಅದೃಷ್ಟ, ಅಷ್ಟೇ. ರೂಮು ಹೋದೀತು ಅನ್ನುವ ಹೆದರಿಕೆಯಲ್ಲಿ ಮೂವರು ಒಂದು ಜೀವವನ್ನು ಪಣಕ್ಕಿಟ್ಟಿದ್ದರು. ನಾನು ಆ ಹುಡುಗರನ್ನು ದೂರುವುದಿಲ್ಲ. ಆ ಹೆದರಿಕೆ ಕಲಿಸಿದ್ದು ನಾವು, ದೊಡ್ಡವರು.

ಕಾನೂನು ಇಲ್ಲ ಅಂತಲ್ಲ. 21 ತುಂಬದವರಿಗೆ ಮದ್ಯ ಮಾರುವಂತಿಲ್ಲ. 2023ರ ಜನವರಿಯಲ್ಲಿ ಅದನ್ನು 18ಕ್ಕೆ ಇಳಿಸುವ ಕರಡು ಬಂದು, ಜನ ವಿರೋಧಿಸಿದ ಮೇಲೆ ಸರ್ಕಾರ ವಾಪಸು ಪಡೆಯಿತು. ಶಾಲೆ ಕಾಲೇಜಿನ 100 ಮೀಟರ್ ಒಳಗೆ ಮದ್ಯದಂಗಡಿ ಇರಬಾರದೆಂಬ ನಿಯಮವಿದೆ. ಅವು ಬೇಕು, ಕಟ್ಟುನಿಟ್ಟಾಗಿ ಬೇಕು. ಆದರೆ ಆಗಲೇ ಕುಡಿದು ಬಿದ್ದಿರುವ ಹುಡುಗನಿಗೆ 100 ಮೀಟರಿನಿಂದ ಏನೂ ಆಗಬೇಕಿಲ್ಲ. ಅವನಿಗೆ ಬೇಕಾದದ್ದು ಪಕ್ಕದ ಮಂಚದವನು ಹೆದರದೆ ಮಾಡುವ ಒಂದು ಫೋನು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ 2002ರಲ್ಲಿ ಒಂದು ನಿಯಮ ತಂದಿತು: ಕುಡಿದು ಅಪಾಯದಲ್ಲಿರುವ ಗೆಳೆಯನಿಗಾಗಿ ನೆರವು ಕರೆದವರಿಗೆ, ಆ ಗೆಳೆಯನಿಗೆ ಶಿಕ್ಷೆ ಇಲ್ಲ. ನೆರವಿನ ಕರೆಗಳು ಹೆಚ್ಚಿದವು. ಆಮೇಲೆ ಅಲ್ಲಿನ ಹಲವು ಕಾಲೇಜುಗಳು, ರಾಜ್ಯಗಳು ಅದೇ ದಾರಿ ಹಿಡಿದವು.

ಎಂಟನೇ ದಿನ ಪ್ರತಿಜ್ಞೆ, ಪಾಯಸದ ಊಟ. ಹೊರಗೆ ಮಗಳು ನಿಮ್ಮ ಚೀಲ ಹಿಡಿದು ನಿಂತಿದ್ದಾಳೆ. ಇಲ್ಲಿಗೆ ಮುಗಿಯಿತು ಅಂತ ಯಾರೂ ಹೇಳುವುದಿಲ್ಲ. ಹಮಾಲಿ ನಿಮ್ಮ ಫೋನಿನಲ್ಲಿ ತನ್ನ ನಂಬರು ಹಾಕಿಕೊಡುತ್ತಾನೆ. ನವಜೀವನ ಸಮಿತಿಯ ಸಭೆಗೆ ಬರಲೇಬೇಕು ಅನ್ನುತ್ತಾನೆ. ಈ ಎಂಟು ದಿನದಲ್ಲಿ ಬಿಟ್ಟವರೆಲ್ಲ ಬಿಟ್ಟೇ ಉಳಿಯುವುದಿಲ್ಲ. ಕೆಲವರು ಜಾರುತ್ತಾರೆ, ಮತ್ತೆ ಬರುತ್ತಾರೆ. ಜಾರಿದ ದಿನ ಸಭೆಗೆ ಬಂದು ಜಾರಿದೆ ಅಂತ ಹೇಳುವವರು ಉಳಿದುಕೊಳ್ಳುತ್ತಾರೆ; ಮುಖ ಮರೆಸಿಕೊಂಡವರು ಮತ್ತೆ ಒಬ್ಬಂಟಿ. ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ನೀವು ಆ ಒಬ್ಬರು. ಉಳಿದ 37 ಜನ ಇವತ್ತು ರಾತ್ರಿಯೂ ಯಾರಿಗೋ "ಒಂದೇ ನೈಂಟಿ" ಅನ್ನುತ್ತಿದ್ದಾರೆ.

ಈಗ ಆಟೊದಿಂದ ಇಳಿಯಿರಿ. ನೀವು ವಿನೋಬನಗರದಲ್ಲಿ ಮಹಡಿ ಬಾಡಿಗೆಗೆ ಕೊಟ್ಟವರಾಗಿದ್ದರೆ, ಹಾಸ್ಟೆಲ್ ವಾರ್ಡನ್ ಆಗಿದ್ದರೆ, ಕಾಲೇಜಿನ ಪ್ರಾಂಶುಪಾಲರಾಗಿದ್ದರೆ ಒಂದು ಮಾತು ನಡೆಸಿಕೊಡಿ. ಮೆಟ್ಟಿಲಿನ ಪಕ್ಕದ ಗೋಡೆಯ ಮೇಲೆ ಒಂದು ಚೀಟಿ ಅಂಟಿಸಿ. ಕುಡಿದವನು ಅಲುಗಾಡಿಸಿದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾದರೆ, ಮೈ ತಣ್ಣಗಾಗಿ ತುಟಿ ನೀಲಿಯಾದರೆ, ಫಿಟ್ಸ್ ಬಂದರೆ, ಪಕ್ಕಕ್ಕೆ ಹೊರಳಿಸಿ 108ಕ್ಕೆ ಕರೆ ಮಾಡಿ ಅಂತ ಬರೆಯಿರಿ. ಬಿಡಬೇಕು ಅನ್ನಿಸಿದವರಿಗೆ ವ್ಯಸನಮುಕ್ತಿ ಸಹಾಯವಾಣಿ 14446, ಮನಸ್ಸಿನ ನೋವಿಗೆ ಟೆಲಿ ಮಾನಸ್ 14416. ಕೊನೆಗೆ ನಿಮ್ಮ ಸಹಿ ಹಾಕಿ ಇನ್ನೊಂದು ಸಾಲು ಸೇರಿಸಿ: ಫೋನು ಮಾಡಿದ ಕಾರಣಕ್ಕೆ ಯಾರ ರೂಮನ್ನೂ ಖಾಲಿ ಮಾಡಿಸುವುದಿಲ್ಲ.